ಅನುಮೋದಕರಿಲ್ಲದ ಗೊತ್ತುವಳಿ

ಆ ಕುರ್ಚಿಗೆ ಕೈಗಳಿದ್ದವು. ಮಂಡಳಿಯ ಬೇರೆ ಯಾವ ಕುರ್ಚಿಗೂ ಇಲ್ಲದ ಕೈಗಳು ನಡುವಿನ ಈ ಒಂದಕ್ಕೆ ಮಾತ್ರ ಇವೆ ಎನ್ನುವುದು, ಇಷ್ಟು ವರ್ಷ ಅದರ ಪಕ್ಕದಲ್ಲೇ ಕೂತಿದ್ದರೂ, ವರ್ನೀಸಳ ಕಣ್ಣಿಗೆ ಬಿದ್ದಿರಲಿಲ್ಲ. ಈ ಬೆಳಿಗ್ಗೆ ಅದರ ಮುಂದೆ ತನ್ನ ಹೆಸರಿನ ಫಲಕ ನಿಂತಿರುವುದನ್ನು ಬಾಗಿಲಿನಿಂದಲೇ ಕಂಡಾಗ, ಗುಡಿಸುವವರು ಎತ್ತಿಟ್ಟು ಮರೆತಿರಬೇಕು ಎಂದುಕೊಂಡು, ಯಾರೂ ನೋಡುವ ಮೊದಲೇ ತನ್ನ ಜಾಗಕ್ಕೆ ಸಾಗಿಸಿಬಿಡೋಣ ಎಂದು ಕೈ ಹಾಕಿದಳು. ತನ್ನದಲ್ಲದ ಜಾಗದಲ್ಲಿ ಸಿಕ್ಕಿಬೀಳುವ ಭಯ ಅವಳಿಗೆ ಹುಟ್ಟಿನಿಂದ ಬಂದದ್ದು. ಆಗ ಹಿಂದಿನಿಂದ ಪರವಾನಗಿ ಇಲಾಖೆಯ ನಿರ್ದೇಶಕ ಹ್ಯಾಸ್ಕೆಲ್ ಮೊಣಕೈ ಮುಟ್ಟಿ, "ಅಲ್ಲೇ ಇರ್ಲಿ, ವರ್ನಾ" ಅಂದ. ಮೊದಲ ದಿನದಿಂದಲೂ ಅವನಿಗೆ ಅವಳು ವರ್ನಾ. ಮೊದಲ ದಿನ ತಿದ್ದಲಿಲ್ಲ. ಎರಡನೇ ದಿನ ತಿದ್ದಿದರೆ ಮೊದಲ ದಿನ ಯಾಕೆ ತಿದ್ದಲಿಲ್ಲ ಅನ್ನಿಸೀತು ಎಂದು ಸುಮ್ಮನಾದಳು. ಆಮೇಲೆ ಅದೇ ಹೆಸರಾಯಿತು. ಅಧ್ಯಕ್ಷೆಯಾಗಿದ್ದ ಕೆಸ್ಲರ್ ಮೇಡಂ ಗಂಡನ ಜೊತೆ ಸಮುದ್ರದ ಕಡೆ ಮನೆ ಮಾಡಿಕೊಂಡು ಹೋದರೆಂದೂ, ನಾಯಕತ್ವದ ತರಬೇತಿ ಮುಗಿಸಿದವರು ಮಂಡಳಿಯಲ್ಲಿ ವರ್ನಾ ಒಬ್ಬಳೇ ಆದ್ದರಿಂದ ಬೇರೆ ಯಾರನ್ನು ತಾನೇ ಕೂರಿಸುವುದೆಂದೂ ಹ್ಯಾಸ್ಕೆಲ್ ಹೇಳಿದ. ನೀವು ಬೇಡ ಅನ್ನುವುದಿಲ್ಲ ಎಂದು ಗೊತ್ತಿತ್ತು ಎಂದೂ ಸೇರಿಸಿದ. ನನ್ನ ಹೆಸರು ವರ್ನೀಸ್ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅವಳು ಥ್ಯಾಂಕ್ಸ್ ಅಂದಳು.

ಕೂತಳು. ಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟಳು, ಅತಿಯಾಯಿತು ಅನ್ನಿಸಿ ಮಡಿಲಿಗೆ ಎಳೆದುಕೊಂಡಳು. ಮೇಜಿನ ತುದಿಯಲ್ಲಿ ಓಡೆಲ್ ಸ್ಪೈವಿ ಆಗಲೇ ಕೂತಿದ್ದ. ಆಚೆಕೇರಿಯಲ್ಲಿ ಅರ್ಧ ಊರಿಗೆ ಕ್ಷೌರ ಮಾಡಿದ ಮುದುಕ. ಮಂಡಳಿಯಲ್ಲಿ ಎಲ್ಲರಿಗಿಂತ ಹಳಬ. ಕನ್ನಡಕದ ಮೇಲಿಂದ ನೋಡಿ, "ಸಿಂಹಾಸನ ಒಪ್ತದೆ ಕಣಮ್ಮ. ಅಲ್ಪಂಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅಂತಾರೆ, ನೀನು ಹಿಡೀಬೇಡ" ಅಂದ. ಆಮೇಲೆ ದನಿ ತಗ್ಗಿಸಿ, "ಮರೀಬೇಡ. ಒಂದೇ ಮಾತು" ಅಂದ.

ಒಂದೇ ಮಾತು. ಕಳೆದ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ, ಕರಿದ ಮೀನಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಅವನು ಇದನ್ನೇ ಹೇಳಿದ್ದ. ಈ ಸಲಹಾ ಮಂಡಳಿಯ ಹಣೆಬರಹ ಎಲ್ಲರಿಗೂ ಗೊತ್ತಿದ್ದದ್ದೇ. ಕ್ಷೌರಿಕರು, ಕೇಶಾಲಂಕಾರದವರು, ಶಾಲೆಯವರು ಸೇರಿ ಇಲಾಖೆಗೆ ಸಲಹೆ ಕೊಡಬಹುದು, ತಗೊಳ್ಳುವುದು ಬಿಡುವುದು ಇಲಾಖೆಯ ಚಿತ್ತ. ಆದರೆ ಆ ಸಲಹೆಯಾದರೂ ಬಾಯಿಂದ ಹೊರಡಬೇಕಾದರೆ ಒಬ್ಬರು ಗೊತ್ತುವಳಿ ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಇನ್ನೊಬ್ಬರು ಇಲ್ಲದಿದ್ದರೆ ಚರ್ಚೆಯೂ ಇಲ್ಲ, ಮತವೂ ಇಲ್ಲ; ಬೇಕು ಬೇಡ ಅನ್ನುವ ಮೊದಲೇ ಅದು ಸತ್ತಂತೆ. ಸೆರೆಮನೆಯೊಳಗೆ ಕಲಿತ ಕ್ಷೌರದ ಪಾಠವನ್ನು ಪರವಾನಗಿಗೆ ಲೆಕ್ಕ ಹಿಡಿಯಬೇಕು ಎಂಬುದು ಓಡೆಲನ ಗೊತ್ತುವಳಿ. ಅನುಮೋದನೆ ಒಂದು ಸಿಕ್ಕರೆ ಚರ್ಚೆಯಲ್ಲಿ ನಾನು ನೋಡಿಕೊಳ್ಳುತ್ತೇನೆ ಎಂಬುದು ಅವನ ಭರವಸೆ. ನೀವು ಬಾಯಿ ಮುಚ್ಚುವುದರೊಳಗೆ 'ಅನುಮೋದಿಸಿದೀನಿ' ಅನ್ನಲು ನಾನು ಬಾಯಿ ತೆರೆದಿರುತ್ತೇನೆ ಎಂದು ವರ್ನೀಸ್ ಮಾತು ಕೊಟ್ಟಿದ್ದಳು. ಹೇಳುವಾಗ ಅವಳ ಕಣ್ಣಲ್ಲಿ ನೀರೂ ಬಂದಿತ್ತು, ಮೀನಿಗೆ ಹಾಕಿದ ಖಾರಕ್ಕಲ್ಲ.

ಯಾಕೆಂದರೆ ಸಭಾಂಗಣದ ಕೊನೆಯ ಸಾಲಿನಲ್ಲಿ, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತವನು ಅವಳ ತಮ್ಮ ಡುವೇನ್. ಯಾರದೋ ಅಂಗಡಿ ದೋಚಿದವರಿಗೆ ಕಾರು ಓಡಿಸಿ ಸೆರೆಮನೆಗೆ ಹೋದವನು. ಅಲ್ಲಿಗೆ ವಾರಕ್ಕೊಮ್ಮೆ ಬಂದು ಕಲಿಸುತ್ತಿದ್ದ ಓಡೆಲನಿಂದ ಕ್ಷೌರದ ಕತ್ತಿ ಹಿಡಿಯಲು ಕಲಿತವನು. ಈಗ ಹೊರಗೆ ಬಂದು ಅದೇ ಓಡೆಲನ ಅಂಗಡಿಯಲ್ಲಿ ಕೂದಲು ಗುಡಿಸುತ್ತಾನೆ, ಬಟ್ಟೆ ಒಗೆಯುತ್ತಾನೆ, ನೊರೆ ಕಲಸಿ ಕೊಡುತ್ತಾನೆ. ಕತ್ತಿ ಮುಟ್ಟುವ ಹಾಗಿಲ್ಲ. ಅವನಿಗಾಗಿಯೇ ಓಡೆಲ್ ಕಿಟಕಿಯ ಪಕ್ಕ ಎರಡನೇ ಕುರ್ಚಿಯೊಂದನ್ನು ತಂದಿಟ್ಟು ಮೇಲೆ ಬಿಳಿ ಬಟ್ಟೆ ಹೊದಿಸಿದ್ದಾನೆ. ಸೆರೆಮನೆಯೂ ಸರ್ಕಾರದ್ದು, ಪರವಾನಗಿ ಇಲಾಖೆಯೂ ಸರ್ಕಾರದ್ದು. ಬಲಗೈ ಕಲಿಸಿದ್ದನ್ನು ಎಡಗೈ ನಂಬುವುದಿಲ್ಲ. ಪರವಾನಗಿ ಬೇಕಾದರೆ ರೇಬರ್ನನ ಶಾಲೆಗೆ ಸೇರಿ ಅ ಆ ಇ ಈಯಿಂದ ಶುರು ಮಾಡು ಅನ್ನುತ್ತದೆ. ಆ ರೇಬರ್ನ್ ಇಲ್ಲೇ, ವರ್ನೀಸಳ ಎಡಗಡೆ, ಮಂಡಳಿಯ ಸದಸ್ಯನಾಗಿ ಕೂತು ಉಗುರು ನೋಡಿಕೊಳ್ಳುತ್ತಿದ್ದಾನೆ. ಡುವೇನ್ ಮತ್ತು ಅವಳು ಇಲ್ಲಿ ಪರಸ್ಪರ ಗುರುತಿಲ್ಲದವರು. ಅವನು ಪಿಕೆಟ್, ಅವಳು ಮದುವೆಯಾಗಿ ಹ್ಯಾಡ್ಲಿ, ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕ ತಮ್ಮ ಅಂದರೆ ಅವರು ನನ್ನನ್ನು ಮಾತಾಡಲೇ ಬಿಡುವುದಿಲ್ಲ ಎಂದು ನಿನ್ನೆ ಊಟಕ್ಕೆ ಕೂತಾಗ ಅವಳೇ ಹೇಳಿದ್ದು. ಅವನು ಸೊಪ್ಪಿನ ಪಲ್ಯಕ್ಕೆ ಜೋಳದ ರೊಟ್ಟಿ ಅದ್ದುತ್ತ, ಸರಿ ಅಂದ. ಅಷ್ಟು ಸಲೀಸಾಗಿ ಸರಿ ಅಂದದ್ದು ಅವಳಿಗೆ ಚುಚ್ಚಿತು. ಅವನು ಒಳಗೆ ಹೋದ ವಾರ ಅವಳು ತನ್ನ ಸಲೂನಿನ ಕನ್ನಡಿಯ ಮೇಲಿಂದ ಅವನ ಫೋಟೋ ತೆಗೆದಿದ್ದಳು. ಗಾಜು ಒಡೆದಿದೆ ಎಂದು ಅಮ್ಮನಿಗೆ ಹೇಳಿದ್ದಳು. ಗೋಡೆಯ ಮೇಲೆ ಉಳಿದ ಚೌಕದ ಗುರುತಿಗೆ ಕ್ಯಾಲೆಂಡರ್ ತೂಗುಹಾಕಿದಳು, ಈಗಲೂ ಪ್ರತಿ ವರ್ಷ ಹೊಸದನ್ನು ಅಲ್ಲಿಯೇ ಹಾಕುತ್ತಾಳೆ.

ಹಿಂದಿನ ಸಭೆಯ ವರದಿ ಓದಿದರು. ಬಾಚಣಿಗೆ ತೊಳೆಯುವ ದ್ರಾವಣದ ಬಗ್ಗೆ ಯಾರೋ ಮಾತಾಡಿದರು. ಪಕ್ಕದ ಗೋಡೆಗೊರಗಿ, ನಾಯಕತ್ವದ ತರಬೇತಿ ಕೊಟ್ಟ ಲಿಂಡ್‌ಹೋಮ್ ಮೇಡಂ ಕಾಫಿಯ ಲೋಟ ಹಿಡಿದು ಕೂತಿದ್ದಾಳೆ. ತಾನು ಬೆಳೆಸಿದ ಸಸಿ ಹೂ ಬಿಡುವುದನ್ನು ನೋಡಲು ಬಂದಿರಬೇಕು. ನದಿಯ ದಂಡೆಯ ಹೋಟೆಲಿನಲ್ಲಿ ನಡೆದ ಆ ತರಬೇತಿಗೆ ಎಲ್ಲ ಸಲಹಾ ಮಂಡಳಿಗಳಿಂದ ಒಬ್ಬೊಬ್ಬರನ್ನು ಕರೆದಿದ್ದರು, ಕೊಳಾಯಿಯವರು, ಕೆಟ್ಟ ಕಾರು ಎಳೆಯುವವರು, ಹರಾಜು ಕೂಗುವವರು. ಮೊದಲ ದಿನವೇ ವರ್ನೀಸ್ ಮಾತಾಡಿದ್ದನ್ನು ವಿಡಿಯೊ ತೆಗೆದು ಪರದೆಯ ಮೇಲೆ ಹಾಕಿ, ನಡುನಡುವೆ ನಿಲ್ಲಿಸಿ, ಲಿಂಡ್‌ಹೋಮ್ ಮೃದುವಾಗಿ ಕೇಳಿದಳು: "ಇಲ್ಲೊಂದು ನಗು. ಇಲ್ಲಿ ಮತ್ತೆ. ಈ ನಗು ಯಾರಿಗೋಸ್ಕರ, ವರ್ನೀಸ್?" ಎಲ್ಲರೂ ನಕ್ಕರು. ವರ್ನೀಸಳೂ ನಕ್ಕಳು, ಅದಕ್ಕೆ ಇನ್ನಷ್ಟು ನಕ್ಕರು. ಹೆಸರನ್ನು ಸರಿಯಾಗಿ ಹೇಳಿದ ಹೆಂಗಸು ಒಬ್ಬಳು ಸಿಕ್ಕಳಲ್ಲ ಎಂದು ಸಂತೋಷಪಡುವುದೋ, ಅವಳೇ ಸಭೆಯ ನಡುವೆ ಬಟ್ಟೆ ಬಿಚ್ಚಿದಂತೆ ಮಾಡಿದಳಲ್ಲ ಎಂದು ಅಳುವುದೋ ತಿಳಿಯಲಿಲ್ಲ. ಆಮೇಲೆ ಮೌನದ ಪಾಠ. ಪ್ರಶ್ನೆ ಕೇಳಿ ಸುಮ್ಮನಿರಬೇಕು. ಎದುರಿನವರು ಒದ್ದಾಡಲಿ, ನೀವು ಮಾತು ತುಂಬಬಾರದು. ಮೌನಕ್ಕೆ ಹೆದರುವವರು ಮುಂದಾಳುಗಳಾಗುವುದಿಲ್ಲ. ಹರಾಜು ಕೂಗುವವನು ಇದರಲ್ಲಿ ಪೂರ್ತಿ ಸೋತ. ಪಾಪ, ಅವನ ಕಸುಬಿನಲ್ಲಿ ಮೌನವೆಂದರೆ ನಷ್ಟ. ವರ್ನೀಸ್ ಎಲ್ಲರಿಗಿಂತ ಮುಂದೆ ಬಂದಳು. ಅವಳು ಕಲಿತದ್ದು ಹೊಸತೇನಲ್ಲ, ಮನೆಯಲ್ಲಿ ಅಪ್ಪ ಕುಡಿದು ಬಂದ ದಿನಗಳ ವಿದ್ಯೆ ಅದು, ಆದರೆ ಇಲ್ಲಿ ಅದಕ್ಕೆ ಚಪ್ಪಾಳೆ ಸಿಕ್ಕಿತು. ಮನೆಗೆ ಬಂದ ಮೇಲೆ ನಗು ತಾನಾಗಿ ಕಮ್ಮಿಯಾಯಿತು. ಸಲೂನಿಗೆ ಬರುವ ಹೆಂಗಸರು ಮೈ ಹುಷಾರಿಲ್ಲವಾ ಎಂದು ಕೇಳತೊಡಗಿದರು.

ಸಾರ್ವಜನಿಕರ ಮಾತಿನ ಸರದಿ ಬಂದಾಗ ಡುವೇನ್ ಎದ್ದು ಬಂದ. ಅಂಗಿಯ ತೋಳಿನ ಗೆರೆ ನೇರವಾಗಿತ್ತು, ಅವಳೇ ಇಸ್ತ್ರಿ ಮಾಡಿದ್ದು. ಮಾತಿನ ಸಮಯ ಅಳೆಯುವ ಮೇಜಿನ ಮೇಲಿನ ಪುಟ್ಟ ದೀಪ ಹಸಿರಾಯಿತು. ಅವನು ಎಲ್ಲರ ಕಡೆ ನೋಡಿ, ಕಡೆಗೆ ನಡುವಿನ ಕುರ್ಚಿಯ ಕಡೆ ನೋಡಿದ. ಅಲ್ಲಿ ಅಕ್ಕ ಕೂತಿರುತ್ತಾಳೆಂದು ಸಭೆಗೆ ಬರುವವರೆಗೂ ಅವನಿಗೂ ಗೊತ್ತಿರಲಿಲ್ಲ. ಮುಖ ಒಂದು ಕ್ಷಣ ಅರಳಿತು, ಕೂಡಲೇ ಅವನು ಅದನ್ನು ಮಡಚಿಟ್ಟ.

"ಅಧ್ಯಕ್ಷ ಮೇಡಂನೋರೇ," ಅಂದ. "ಒಳಗಿದ್ದಾಗ ನನ್ನ ಕೈಯಿಂದ ಒಬ್ಬನ ಕಿವಿಗೂ ಗಾಯ ಆಗಿಲ್ಲ. ಕಾವಲಿನೋರು ಮಗಳ ಮದುವೆ ಅಂದ್ರೆ ಮನೆಗೆ ಹೋಗೋ ಮುಂಚೆ ನನ್ನ ಹತ್ರಾನೇ ಬಂದು ಕೂರ್ತಿದ್ರು. ನಂಗೆ ಬೇಡಿ ಹಾಕೋರೇ ನನ್ನ ಕತ್ತಿಗೆ ಕತ್ತು ಕೊಡೋರು. ಅಷ್ಟು ನಂಬಿಕೆ ಇತ್ತು. ಹೊರಗೆ ಬಂದ್ಮೇಲೆ ನನ್ನ ಕೈಗೆ ಪೊರಕೆ ಕೊಟ್ಟಿದೀರಿ."

ಸಭೆಯಲ್ಲಿ ಸಣ್ಣಗೆ ನಗು ಹರಿಯಿತು, ಒಳ್ಳೆಯ ನಗು. ಇಲಾಖೆಯ ವಕೀಲ ಕೂಡ ತಲೆಯೆತ್ತಿದ. ವರ್ನೀಸಳಿಗೆ ಹೆಮ್ಮೆಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು, ಅದೂ ಚಿಕ್ಕಂದಿನ ಅದೇ ಹೊಟ್ಟೆಕಿಚ್ಚು. ಅಮ್ಮನ ಬಾಯಿ ಇವನಿಗೆ ಬಂತು, ಅಪ್ಪನ ಮೊಣಕಾಲು ನೋವು ನನಗೆ. ತರಬೇತಿಯಿಲ್ಲದೆ, ಪರದೆಯಿಲ್ಲದೆ, ಜೈಲಿನಿಂದ ಎದ್ದು ಬಂದವನು ಹೀಗೆ ನಿಂತು ಮಾತಾಡುತ್ತಾನೆ, ನಾನು ನನ್ನ ಹೆಸರು ತಿದ್ದಲಾರೆ. ತಪ್ಪು ಮಾಡಿದವನನ್ನು ಎಲ್ಲರೂ ತಬ್ಬಿಕೊಳ್ಳುತ್ತಾರೆ. ತಪ್ಪು ಮಾಡದೆ ಮನೆ ನಡೆಸಿ, ಅಮ್ಮನ ಮಲಮೂತ್ರ ಬಳಿದು, ಅವನಿಗೆ ಸೋಪು ಸಾಕ್ಸು ಕಳಿಸಿದವಳನ್ನು ಯಾರೂ ಏನೂ ಕೇಳುವುದಿಲ್ಲ. ಇಂಥದ್ದೆಲ್ಲ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಅಷ್ಟರಲ್ಲಿ ದೀಪ ಕೆಂಪಾಗಿತ್ತು. ಅವನಿನ್ನೂ ಓಡೆಲನಿಗೆ ಕೃತಜ್ಞತೆ ಹೇಳುತ್ತಿದ್ದ. ಹ್ಯಾಸ್ಕೆಲ್ ದೀಪದ ಕಡೆ ನೋಡಿ ಅವಳ ಕಡೆ ನೋಡಿದ.

"ನಿಮ್ಮ ಸಮಯ ಮುಗಿಯಿತು, ಮಿಸ್ಟರ್ ಪಿಕೆಟ್," ಅಂದಳು.

"ಆಯ್ತು ಮೇಡಂ," ಅಂದ ಡುವೇನ್. ಕಾವಲಿನವರಿಗೆ ಹೇಳಿ ಹೇಳಿ ರೂಢಿಯಾದ ಆ ಮಾತು ಎಷ್ಟು ಬೇಗ ಬಂತೆಂದರೆ, ಹೇಳಿದ ಮೇಲೆ ಅವನೇ ನಾಚಿಕೊಂಡ. ಹೋಗಿ ಕೂತು ಟೋಪಿಯನ್ನು ಮತ್ತೆ ಮಂಡಿಯ ಮೇಲಿಟ್ಟುಕೊಂಡ.

ಓಡೆಲ್ ಗಂಟಲು ಸರಿಮಾಡಿಕೊಂಡು ಗೊತ್ತುವಳಿ ಮಂಡಿಸಿದ. ಅವಸರವಿಲ್ಲದೆ, ಒಂದೊಂದು ಮಾತನ್ನೂ ನೊರೆ ಹಚ್ಚಿದ ಹಾಗೆ. ಮುಗಿಸಿ ಅವಳ ಕಡೆ ನೋಡಿದ. ಅಧ್ಯಕ್ಷರು ಏನು ಹೇಳಬೇಕೆಂದು ವಕೀಲ ಬರೆದಿಟ್ಟ ಚೀಟಿ ಅವಳ ಮುಂದಿತ್ತು. "ಗೊತ್ತುವಳಿ ಮಂಡನೆಯಾಗಿದೆ. ಯಾರಾದರೂ ಅನುಮೋದಿಸುತ್ತೀರಾ?" ಎಂದು ಓದಿದಳು. ಓದಿದ ಕೂಡಲೇ ಗೊತ್ತಾಯಿತು, ತಾನು ಹೇಳಬೇಕಾದ ಮಾತನ್ನು ತಾನೇ ಬೇರೆಯವರಿಂದ ಕೇಳುತ್ತಿದ್ದೇನೆ ಎಂದು. ಅಧ್ಯಕ್ಷರು ತಟಸ್ಥರಾಗಿರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಹೇಳಿದ್ದರು, ಹೌದು. ಅದು ಅಧ್ಯಕ್ಷರು ಅನುಮೋದಿಸಬಾರದು ಎಂದಲ್ಲ. ಅನುಮೋದಿಸಬಹುದು ಎಂದು ಅವಳಿಗೆ ಗೊತ್ತಿತ್ತು. ಹೋದ ಚಳಿಗಾಲದಲ್ಲಿ ಸಲೂನುಗಳ ಬಿಸಿನೀರಿನ ನಲ್ಲಿಯ ಬಗ್ಗೆ ಇದೇ ಓಡೆಲ್ ಗೊತ್ತುವಳಿ ತಂದಾಗ ಎಲ್ಲರೂ ತೂಕಡಿಸುತ್ತಿದ್ದರು. ಕೆಸ್ಲರ್ ಮೇಡಂ ಇದೇ ಕುರ್ಚಿಯಿಂದ, ಊಟಕ್ಕೆ ಹೊತ್ತಾಯಿತು, ನಾನೇ ಅನುಮೋದಿಸುತ್ತೇನೆ ಅಂದುಬಿಟ್ಟಿದ್ದರು. ಇಷ್ಟು ಸಣ್ಣ ಮಂಡಳಿಯಲ್ಲಿ ಅದಕ್ಕೆ ಅಡ್ಡಿಯಿಲ್ಲ ಎಂದು ವಕೀಲನೇ ಹೇಳಿದ್ದ. ಪಕ್ಕದಲ್ಲಿ ಕೂತು ವರ್ನೀಸ್ ಅದನ್ನು ಕೇಳಿದ್ದಳು, ನಕ್ಕೂ ಇದ್ದಳು, ಆಗಿನ್ನೂ ನಗುತ್ತಿದ್ದ ಕಾಲ.

ಮೌನ. ರೇಬರ್ನ್ ಉಗುರು ನೋಡಿಕೊಂಡ. ಉಳಿದವರು ಕಾಗದ ತಿರುವಿದರು. ಹ್ಯಾಸ್ಕೆಲ್ ಬಹಳ ಸೌಜನ್ಯದಿಂದ ಕಿಟಕಿಯ ಹೊರಗೆ ನೋಡುತ್ತಿದ್ದ. ಬೆಳಿಗ್ಗೆ ಅವನು ಈ ವಿಷಯದ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಆಡಬೇಕಾಗಿಯೂ ಇರಲಿಲ್ಲ, ಕುರ್ಚಿ ಕೊಟ್ಟಿದ್ದ. ಬಾಯಿ ತೆರೆದರೆ ನಾಳೆ ಯಾರೋ ಪಿಕೆಟ್ ಯಾರೆಂದು ಹುಡುಕುತ್ತಾರೆ, ಸಲೂನಿನವರೆಗೆ ಬರುತ್ತಾರೆ, ಕ್ಯಾಲೆಂಡರ್ ಎತ್ತಿ ನೋಡುತ್ತಾರೆ. ಬಾಯಿ ತೆರೆಯದಿದ್ದರೆ? ಬೇರೆ ಯಾರಾದರೂ ಹೇಳಬಹುದು. ಹೇಳಲಿ, ದೇವರೇ, ಯಾರಾದರೂ ಹೇಳಲಿ. ಓಡೆಲನ ಹುಬ್ಬು ಮೇಲೆ ಹೋಗಿತ್ತು, ಅಲ್ಲೇ ಇತ್ತು. ಇನ್ನೂ ಅವನಿಗೆ ಸಂಶಯ ಬಂದಿರಲಿಲ್ಲ, ಬರೀ ಕಾಯುತ್ತಿದ್ದ, ಅದೇ ಅವಳಿಗೆ ಸಹಿಸಲಾಗದ್ದು. ಅವಳು ಬಾಯಿ ತೆರೆದಳು. "ಯಾರಾದರೂ ಅನುಮೋದಿಸುತ್ತೀರಾ?" ಎಂದು ಮತ್ತೆ ಕೇಳಿದಳು. ಆಗ ಓಡೆಲನ ಹುಬ್ಬು ಕೆಳಗಿಳಿಯಿತು. ಕೈಗಳು ಯಾವಾಗಲೋ ಕುರ್ಚಿಯ ಕೈಗಳ ಮೇಲೆ ಹೋಗಿ ಕೂತಿದ್ದವು, ಹಾಯಾಗಿದ್ದವು. ಆ ಹಾಯಿ ಅವಳಿಗೆ ಆಮೇಲೆ ಎಷ್ಟೋ ದಿನ ನೆನಪಿತ್ತು. ಬಿದ್ದುಹೋಗಿದೆ ಎನ್ನಬಹುದಿತ್ತು, ಮುಂದಕ್ಕೆ ಹಾಕಿದೆ ಎನ್ನಬಹುದಿತ್ತು, ಆದರೆ ಚೀಟಿಯಲ್ಲಿ ಇದ್ದದ್ದನ್ನೇ ಓದಿದಳು.

"ಅನುಮೋದಕರಿಲ್ಲದ ಕಾರಣ ಗೊತ್ತುವಳಿ ಸತ್ತಿದೆ."

ಅಧ್ಯಕ್ಷರ ಮರದ ಸುತ್ತಿಗೆಯಿಂದ ಮೇಜು ಕುಟ್ಟಿದಳು. ಹೊಸ ಕೈ, ಸ್ವಲ್ಪ ಜೋರಾಗಿ ಬಿತ್ತು.

ಸಭೆ ಮುಗಿದ ಮೇಲೆ ಓಡೆಲ್ ಕೋಟು ಹಾಕಿಕೊಂಡು ಯಾರ ಜೊತೆಗೂ ಮಾತಾಡದೆ ಹೋದ. ಲಿಂಡ್‌ಹೋಮ್ ಬಂದು ವರ್ನೀಸಳ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ನಿಜಕ್ಕೂ ತುಂಬಿತ್ತು, ಕೆಟ್ಟ ಹೆಂಗಸೇನಲ್ಲ. "ಆ ಮೌನ, ವರ್ನೀಸ್," ಅಂದಳು. "ಎಷ್ಟು ಗಟ್ಟಿಯಾಗಿ ಹಿಡ್ಕೊಂಡ್ರಿ. ಒಂದು ನಗು ಇಲ್ಲ, ಒಂದು ಕೆಮ್ಮಿಲ್ಲ. ಸಭೆಯ ವಿಡಿಯೊ ಇರುತ್ತಲ್ಲ, ಮುಂದಿನ ತಂಡಕ್ಕೆ ಇದನ್ನೇ ತೋರಿಸ್ತೀನಿ." ಹ್ಯಾಸ್ಕೆಲ್ ಹಿಂದಿನಿಂದ, ಬಹಳ ಚೆನ್ನಾಗಿ ನಡೆಸಿದಿರಿ ವರ್ನಾ ಅಂದ. ಲಿಂಡ್‌ಹೋಮ್ ಅವನತ್ತ ತಿರುಗಿ, ವರ್ನೀಸ್ ಎಂದು ತಿದ್ದಿದಳು. ಹ್ಯಾಸ್ಕೆಲ್ ಕೆಂಪಗಾಗಿ ಕ್ಷಮೆ ಕೇಳಿದ. ಪರವಾಗಿಲ್ಲ, ಎರಡೂ ನಡೆಯುತ್ತದೆ ಎಂದು ವರ್ನೀಸ್ ಹೇಳಿದಳು.

ಎರಡು ಬೀದಿ ಆಚೆ, ಒತ್ತೆ ಅಂಗಡಿಯ ಮುಂದಿನ ಬಸ್ ನಿಲ್ದಾಣದಲ್ಲಿ ಡುವೇನ್ ಕಾಯುತ್ತಿದ್ದ. ಕಾರು ಹತ್ತಿ ಬೆಲ್ಟು ಹಾಕಿಕೊಂಡ. ಬೈಯಲಿ ಎಂದು ಅವಳು ಕಾದಳು. ಬೈದರೆ ತಾನೂ ಬೈಯಬಹುದಿತ್ತು, ಸೋಪು ಸಾಕ್ಸಿನ ಲೆಕ್ಕ ತೆಗೆಯಬಹುದಿತ್ತು. ಸೇತುವೆ ದಾಟುವವರೆಗೂ ಅವನು ಟೋಪಿಯ ಅಂಚು ಸವರುತ್ತಿದ್ದ. ಆಮೇಲೆ, "ನಿನ್ನ ಬಾಯಿಂದಾನೇ ಹೇಳಿಸಿದ್ರಲ್ಲ ನೀಸಕ್ಕ, ನಿಂಗೆಷ್ಟು ಸಂಕಟ ಆಯ್ತೋ" ಅಂದ. "ನಾನು ಬರಲೇಬಾರ್ದಿತ್ತು."

ಅವಳು ಗೇರು ಬದಲಿಸುವುದೇನೂ ಇಲ್ಲದ ಕಾರಿನಲ್ಲಿ ಗೇರಿನ ಮೇಲೆ ಕೈಯಿಟ್ಟಳು.

"ಒಂದು ಮಾತು ಕೇಳ್ಲಾ," ಅಂದ ಡುವೇನ್. "ಬೇಜಾರು ಮಾಡ್ಕೋಬೇಡ. ಓಡೆಲಣ್ಣ ಹೇಳಿದ್ರು, ನೀನು ಅನುಮೋದಿಸ್ತೀಯ ಅಂತ. ಆ ಕುರ್ಚೀಲಿ ಕೂತ್ಕೊಂಡು ಹೇಳಬಹುದಿತ್ತಾ?"

ಕೆಂಪು ದೀಪ ಬಿದ್ದಿತ್ತು. ಇನ್ನೂ ಹೇಳಬಹುದಿತ್ತು. ಹೌದು, ಹೇಳಬಹುದಿತ್ತು, ಹೇಳಲಿಲ್ಲ, ನನಗೆ ಆ ಕುರ್ಚಿ ಬೇಕಿತ್ತು, ನಿನ್ನನ್ನು ಕಂಡರೆ ನನಗೆ ನಾಚಿಕೆ, ನೀನು ಮಾತಾಡಿದ್ದು ನನಗಿಂತ ಚೆನ್ನಾಗಿತ್ತು. ಇಷ್ಟೂ ನಾಲಗೆಯ ತುದಿಗೆ ಸಾಲಾಗಿ ಬಂದು ನಿಂತವು. "ಇಲ್ಲ," ಅಂದಳು. "ಅಧ್ಯಕ್ಷರು ಅನುಮೋದಿಸೋ ಹಾಗಿಲ್ಲ. ಅದು ನಿಯಮ."

ಅವನು ಉಸಿರು ಬಿಟ್ಟ. ಎಷ್ಟು ಹೊತ್ತಿನಿಂದ ಹಿಡಿದಿಟ್ಟುಕೊಂಡಿದ್ದನೋ. "ನಂಗೊತ್ತಿತ್ತು," ಅಂದ. "ಅಷ್ಟು ಮಾತ್ರ ಸಾಕು ನಂಗೆ." ರೇಡಿಯೋ ಹಾಕಿದ.

ಅಂಗಡಿಯಲ್ಲಿ ಓಡೆಲ್ ಆಗಲೇ ಕೋಟು ಬಿಚ್ಚಿ, ಚರ್ಚಿನ ಮುದುಕನೊಬ್ಬನ ಗದ್ದಕ್ಕೆ ನೊರೆ ಹಚ್ಚಿ ಕತ್ತಿ ಮಸೆಯುತ್ತಿದ್ದ. ತಮ್ಮನನ್ನು ಇಳಿಸಿ ಹೊರಟುಹೋಗಬೇಕೆಂದಿದ್ದಳು. ಅವನು ಬಾಗಿಲು ಹಿಡಿದು ನಿಂತಿದ್ದರಿಂದ ಒಳಗೆ ಬರಬೇಕಾಯಿತು. ಗೋಡೆಯ ಬೆಂಚಿನಲ್ಲಿ ಕಾಯುವವರು ತುಂಬಿದ್ದರು. ಮೊಣಕಾಲು ನೋಯುತ್ತಿತ್ತು. ಕಿಟಕಿಯ ಪಕ್ಕ ಖಾಲಿಯಿದ್ದ ಕುರ್ಚಿಯಲ್ಲಿ ಕೂತಳು. ಕೂತ ಮೇಲೆ, ಕೆಳಗೆ ಬಿಳಿ ಬಟ್ಟೆ ಮುದುಡಿದಾಗ, ಅದು ಯಾವ ಕುರ್ಚಿಯೆಂದು ತಿಳಿಯಿತು. ಏಳಲು ನೋಡಿದಳು, ಎಲ್ಲರೂ ನೋಡುತ್ತಿದ್ದರು, ಏಳಲಿಲ್ಲ. ಡುವೇನ್ ಒಳ್ಳೆಯ ಅಂಗಿಯ ತೋಳು ಮಡಚಿ ಪೊರಕೆ ತೆಗೆದುಕೊಂಡ.

"ಓಡೆಲಣ್ಣ," ಅಂದ. "ನೀಸಕ್ಕನ ಮೇಲೆ ಕೋಪ ಮಾಡ್ಕೋಬೇಡಿ. ಅಧ್ಯಕ್ಷರು ಅನುಮೋದಿಸೋ ಹಾಗಿಲ್ವಂತೆ. ನಿಯಮ ಅಂತೆ."

ಓಡೆಲನ ಕತ್ತಿ ಮುದುಕನ ಕುತ್ತಿಗೆಯ ಮೇಲೆ ನಿಂತಿತು. ಅವನು ಕನ್ನಡಿಯೊಳಗೆ ವರ್ನೀಸಳನ್ನು ನೋಡಿದ. ಇಲ್ಲಿ ಮೌನ ಹಿಡಿಯಲು ಅವಳಿಂದ ಆಗಲಿಲ್ಲ. ತಿಂಗಳುಗಟ್ಟಲೆ ಅದುಮಿಟ್ಟ ಆ ಹಳೆಯ ನಗು ತಾನಾಗಿ ಹೊರಗೆ ಬಂತು, ಸಣ್ಣದು, ಒಡಕಲು. ಬೆಂಚಿನಲ್ಲಿದ್ದವರಲ್ಲಿ ಒಬ್ಬಿಬ್ಬರು ಯಾಕೆಂದು ತಿಳಿಯದೆ ತಾವೂ ನಕ್ಕರು. ಓಡೆಲ್ ನಗಲಿಲ್ಲ. ಕತ್ತಿಯ ಮೇಲಿನ ನೊರೆಯನ್ನು ಭುಜದ ಬಟ್ಟೆಗೆ ಒರೆಸಿದ, ಒಂದು ಮಗ್ಗುಲು, ಆಮೇಲೆ ಇನ್ನೊಂದು ಮಗ್ಗುಲು. ಪೊರಕೆ ಹಿಡಿದು ಉತ್ತರಕ್ಕೆ ಕಾಯುತ್ತಿದ್ದ ಡುವೇನನ ಮುಖ ನೋಡಿದ.

"ಹೌದಪ್ಪ," ಅಂದ. "ಹಾಗೇ ನಿಯಮ." ಆಮೇಲೆ ಕನ್ನಡಿಯ ಕಡೆ ತಿರುಗಿ, ಅವಳಿಗೊಬ್ಬಳಿಗೆ ಕೇಳುವ ಹಾಗೆ, "ಅನುಮೋದಿಸಿದೀನಿ" ಅಂದ.

ಡುವೇನನ ಮುಖ ತಿಳಿಯಾಯಿತು. ನೆಲದ ಮೇಲೆ ಯಾರು ಯಾರದೋ ಕೂದಲು, ಕರಿಯದು ಬಿಳಿಯದು, ಬೆಳಗಿನಿಂದ ಬಿದ್ದಿತ್ತು. ಗುಡಿಸುತ್ತ ಗುಡಿಸುತ್ತ ಕಿಟಕಿಯ ಬಳಿ ಬಂದ. "ಕಾಲೆತ್ತು, ನೀಸಕ್ಕ," ಅಂದ. ಅವಳು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕಾಲೆತ್ತಿದಳು.